ಒರತೆ ಮತ್ತು ಹೂಳು

ನಮ್ಮ ಸಾಹಿತ್ಯ ಚರಿತ್ರೆಗಳ ಪುಟಗಳನ್ನು ತಿರುವಿದರೆ ಕಣ್ಣಿಗೆ ಬೀಳುವುದು ಕೃತಿಗಳ ಹೆಸರು ಮತ್ತು ಇಸವಿಗಳ ಸಾಲು. ಯಾವ ಕವಿ ಯಾವ ವರ್ಷದಲ್ಲಿ ಏನನ್ನು ಬರೆದ ಎಂಬುದು ಅಲ್ಲಿ ಉಂಟು. ಒಂದು ಕೃತಿಗೂ ಇನ್ನೊಂದಕ್ಕೂ ನಡುವೆ ಕಳೆದ ವರ್ಷಗಳಲ್ಲಿ ಆತ ಏನು ಮಾಡುತ್ತಿದ್ದ, ಬರವಣಿಗೆ ಕೈಗೆ ಹತ್ತದೆ ಹೋದಾಗ ಅದನ್ನು ಮತ್ತೆ ಹೇಗೆ ಒಲಿಸಿಕೊಂಡ ಎಂಬ ಮಾತು ಮಾತ್ರ ಅಪರೂಪ. ಆದರೆ ಇಸವಿ ಇಸವಿಗಳ ನಡುವಿನ ಆ ತೆರಪನ್ನೇ ದಿಟ್ಟಿಸಿ ನೋಡಿದರೆ ಅಲ್ಲಿಯೂ ಒಂದು ಚರಿತ್ರೆ ಇರುವುದು ಕಾಣುತ್ತದೆ. ಈ ಹೊತ್ತು ನಾನು ಹೇಳಹೊರಟಿರುವುದು ಆ ತೆರಪಿನ ಚರಿತ್ರೆಯನ್ನು.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವುಂಟು. ಹತ್ತು ಹನ್ನೆರಡು ವರ್ಷಗಳ ಹಿಂದೆ ಒಂದು ಒಳ್ಳೆಯ ಕವನಸಂಕಲನವನ್ನು ತಂದು, ಆಮೇಲೆ ಮೌನವಾಗಿಬಿಟ್ಟ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಸಿಕ್ಕಿದ್ದರು. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ, “ಮೇಷ್ಟ್ರೇ, ನನ್ನ ಬಾವಿ ಬತ್ತಿತು. ಇನ್ನು ಅಗೆದು ಫಲವಿಲ್ಲ ಅಂತ ಕಾಣುತ್ತೆ” ಎಂದರು. ಸಮಾಧಾನದ ಮಾತು ಹೇಳುವುದು ಸುಲಭ. ಆದರೆ ಬರೆಯುವವನಿಗೆ ಸಮಾಧಾನಕ್ಕಿಂತ ಸಾಕ್ಷ್ಯ ಹೆಚ್ಚು ಉಪಯುಕ್ತ. ಆದ್ದರಿಂದ ನಮ್ಮ ಪರಂಪರೆ ಈ ಬಗ್ಗೆ ಏನು ಸಾಕ್ಷ್ಯ ಹೇಳುತ್ತದೆ ಎಂದು ನೋಡತೊಡಗಿದೆ.

ನಮ್ಮ ಪ್ರಾಚೀನ ಆಲಂಕಾರಿಕರು ಪ್ರತಿಭೆಯ ವಿಷಯವಾಗಿ ಬಹಳ ಬರೆದಿದ್ದಾರೆ. ಅದು ಹುಟ್ಟಿನಿಂದ ಬಂದದ್ದೇ, ಅಭ್ಯಾಸದಿಂದ ಸಾಧಿಸಿದ್ದೇ ಎಂಬ ಚರ್ಚೆ ಅವರಲ್ಲಿ ಹಳೆಯದು. ಈ ಚರ್ಚೆಯಿಂದ ಒಂದು ಹೆಜ್ಜೆ ಮುಂದೆ ಹೋಗಿ, ಕವಿಯಾದವನು ದಿನವನ್ನು ಹೇಗೆ ಕಳೆಯಬೇಕು ಎಂದು ವಿವರವಾಗಿ ಹೇಳಿದವನು ರಾಜಶೇಖರ. ಒಂಬತ್ತನೆಯ ಶತಮಾನದ ಕೊನೆಯಲ್ಲಿ, ಹತ್ತನೆಯ ಶತಮಾನದ ಆದಿಯಲ್ಲಿ ಕನೌಜಿನ ಪ್ರತೀಹಾರ ದೊರೆಗಳ ಆಸ್ಥಾನದಲ್ಲಿ ಬಾಳಿದ ಈತನ ‘ಕಾವ್ಯಮೀಮಾಂಸೆ’ಯಲ್ಲಿ ಕವಿಚರ್ಯೆಗೆಂದೇ ಒಂದು ಅಧ್ಯಾಯವಿದೆ. ಅಹೋರಾತ್ರಿಯನ್ನು ಎಂಟು ಪ್ರಹರಗಳಾಗಿ ವಿಂಗಡಿಸಿಕೊಳ್ಳಬೇಕು. ಬೆಳಗಿನ ಮೊದಲನೆಯ ಪ್ರಹರ ಶಾಸ್ತ್ರಗಳ ವ್ಯಾಸಂಗಕ್ಕೆ, ಎರಡನೆಯದು ಕಾವ್ಯರಚನೆಗೆ, ಊಟವಾದ ಮೇಲೆ ಮೂರನೆಯದು ಸಹೃದಯರೊಡನೆ ಗೋಷ್ಠಿಗೆ, ನಾಲ್ಕನೆಯದು ಬೆಳಿಗ್ಗೆ ಬರೆದುದನ್ನು ಪರೀಕ್ಷಿಸಿ ತಿದ್ದುವುದಕ್ಕೆ. ರಾತ್ರಿಯಲ್ಲಿ ಎರಡು ಪ್ರಹರ ಚೆನ್ನಾಗಿ ನಿದ್ದೆ ಮಾಡಬೇಕೆಂಬುದನ್ನೂ ಆತ ಹೇಳಲು ಮರೆತಿಲ್ಲ.

ಈ ದಿನಚರಿಯನ್ನು ಮೊದಲ ಸಲ ಓದಿದಾಗ ನನಗೆ ಇದು ಆಸ್ಥಾನಕವಿಯ ವೈಭವದ ಪಟ್ಟಿಯಾಗಿ ಕಂಡಿತ್ತು. ಮತ್ತೆ ಓದಿದಾಗ ಮನಸ್ಸಿಗೆ ತಟ್ಟಿದ್ದು ಅದರ ಲೆಕ್ಕಾಚಾರ. ಎಂಟು ಪ್ರಹರಗಳಲ್ಲಿ ಹೊಸತನ್ನು ರಚಿಸುವುದಕ್ಕೆಂದು ಮೀಸಲಿಟ್ಟದ್ದು ಒಂದನ್ನು ಮಾತ್ರ! ಉಳಿದದ್ದು ಓದು, ಸ್ನೇಹಿತರ ಸಂಗ, ತಿದ್ದುಪಡಿ, ನಿದ್ರೆ. ಹರಿಸುವ ಕಾಲ ಒಂದು ಪಾಲಾದರೆ ತುಂಬಿಕೊಳ್ಳುವ ಕಾಲ ಹಲವು ಪಾಲು ಎಂಬ ತಿಳಿವಳಿಕೆ ಸಾವಿರದ ನೂರು ವರ್ಷಗಳಷ್ಟು ಹಿಂದೆಯೇ ಇತ್ತು.

ಇದೇ ಅಧ್ಯಾಯದಲ್ಲಿ ರಾಜಶೇಖರ ಕವಿಗಳನ್ನು ಅವರು ಬರೆಯುವ ಸಮಯಕ್ಕನುಗುಣವಾಗಿ ನಾಲ್ಕು ವರ್ಗ ಮಾಡಿದ್ದಾನೆ. ಸೂರ್ಯನನ್ನೂ ಕಾಣದಂತೆ ಒಳಮನೆಯಲ್ಲಿ ಕುಳಿತು ಸದಾ ಕಾವ್ಯನಿರತನಾಗಿರುವವನು ಅಸೂರ್ಯಂಪಶ್ಯ. ಮನಸ್ಸು ಅದರಲ್ಲಿ ನೆಟ್ಟಾಗ ಕುಳಿತು ಬರೆಯುವವನು ನಿಷಣ್ಣ. ಬೇರೆ ಕರ್ತವ್ಯಗಳ ನಡುವೆ ಬಿಡುವು ದೊರೆತಾಗ ಬರೆಯುವವನು ದತ್ತಾವಸರ. ಏನಾದರೊಂದು ಪ್ರಸಂಗ ಒದಗಿದಾಗ ಬರೆಯುವವನು ಪ್ರಾಯೋಜನಿಕ. ಆಧುನಿಕ ಕನ್ನಡದ ದೊಡ್ಡ ಲೇಖಕರಲ್ಲಿ ಬಹುಮಂದಿ ದತ್ತಾವಸರರೇ. ೧೯೨೦ರಲ್ಲಿ ‘ಕೆಲವು ಸಣ್ಣ ಕತೆಗಳು’ ಪ್ರಕಟಿಸಿದ ಮಾಸ್ತಿಯವರು ಮೈಸೂರು ಸರ್ಕಾರದ ಅಧಿಕಾರಿ, ಪು.ತಿ.ನ. ಸೇನಾ ಇಲಾಖೆಯ ಕಛೇರಿಯಲ್ಲಿದ್ದವರು, ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ನೌಕರಿಯ ಕಡತಗಳ ನಡುವೆ ಬಾಳಿದವರು. ಬಿಡುವಿಲ್ಲದ್ದರಿಂದ ಬರೆಯಲಾಗಲಿಲ್ಲ ಎನ್ನುವವರಿಗೆ ಈ ಹೆಸರುಗಳು ಉತ್ತರವೆಂದು ನಾನು ಹೇಳುವುದಿಲ್ಲ. ಬಿಡುವಿಲ್ಲದ ಬಾಳೂ ಒಂದು ಬಗೆಯ ತುಂಬಿಕೊಳ್ಳುವಿಕೆ ಆಗಬಲ್ಲುದು ಎಂದಷ್ಟೇ ನನ್ನ ಅಭಿಪ್ರಾಯ.

ಇನ್ನು ನಮ್ಮ ಆದಿಕವಿಯ ಕಡೆಗೆ ಬರೋಣ. ಪಂಪ ‘ಆದಿಪುರಾಣ’ವನ್ನು ಮೂರು ತಿಂಗಳಲ್ಲಿಯೂ ‘ವಿಕ್ರಮಾರ್ಜುನ ವಿಜಯ’ವನ್ನು ಆರು ತಿಂಗಳಲ್ಲಿಯೂ ಮುಗಿಸಿದನೆಂಬುದು ಪ್ರಸಿದ್ಧವಾದ ಮಾತು. ಕ್ರಿ.ಶ. ೯೪೧ರ ಸುಮಾರಿನಲ್ಲಿ, ತನ್ನ ನಲವತ್ತರ ಹೊಸ್ತಿಲಲ್ಲಿ ಆತ ಈ ಎರಡು ಮಹಾಕಾವ್ಯಗಳನ್ನು ರಚಿಸಿದ. ಈ ವೇಗ ನಮ್ಮನ್ನು ಬೆರಗುಗೊಳಿಸುತ್ತದೆ. ಆದರೆ ಆ ಒಂಬತ್ತು ತಿಂಗಳ ಹಿಂದೆ ಬರವಣಿಗೆಯ ದಾಖಲೆಯಿಲ್ಲದ ದೀರ್ಘವಾದ ಆಯುಸ್ಸು ಇದೆಯೆಂಬುದನ್ನು ನಾವು ಮರೆಯುತ್ತೇವೆ. ವೈದಿಕ ಮನೆತನದ ಸಂಸ್ಕಾರ, ತಂದೆ ಸ್ವೀಕರಿಸಿದ ಜೈನಧರ್ಮದ ವ್ಯಾಸಂಗ, ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಸ್ಥಾನ, ಯುದ್ಧಭೂಮಿಯ ಅನುಭವ ಇವೆಲ್ಲ ಆ ಆಯುಸ್ಸಿನಲ್ಲಿ ಸೇರಿವೆ. ಇನ್ನೊಂದು ಸಂಗತಿಯೂ ಗಮನಾರ್ಹ. ಒಂದು ಕಾವ್ಯದಲ್ಲಿ ಜಿನಾಗಮವನ್ನೂ ಇನ್ನೊಂದರಲ್ಲಿ ಲೌಕಿಕವನ್ನೂ ಬೆಳಗುವ ಕ್ರಮವನ್ನು ಆತ ಹಾಕಿಕೊಟ್ಟ. ಪೊನ್ನನೂ ರನ್ನನೂ ಅದನ್ನೇ ಹಿಡಿದರು. ಇದನ್ನು ವಿದ್ವಾಂಸರು ಧರ್ಮ ಮತ್ತು ರಾಜಾಶ್ರಯಗಳೆರಡಕ್ಕೂ ಸಲ್ಲಿಸಿದ ಋಣವೆಂದು ವಿವರಿಸುತ್ತಾರೆ. ಅದು ಸರಿಯೇ. ಆದರೆ ಇದರಲ್ಲಿ ಒಕ್ಕಲಿಗನ ಜಾಣ್ಮೆಯೂ ನನಗೆ ಕಾಣುತ್ತದೆ. ಒಂದೇ ಹೊಲದಲ್ಲಿ ವರ್ಷವರ್ಷವೂ ಒಂದೇ ಪೈರನ್ನು ಬಿತ್ತಿದರೆ ನೆಲ ಸೋಲುತ್ತದೆ. ರಾಗಿಯ ಸಾಲಿನ ನಡುವೆ ಅವರೆಯ ಅಕ್ಕಡಿ ಹಾಕುವ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಬರ ಬರುವುದು ಒಬ್ಬ ಕವಿಗೆ ಮಾತ್ರವಲ್ಲ, ಕೆಲವೊಮ್ಮೆ ಇಡೀ ಭಾಷೆಗೇ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕನ್ನಡ ಕಾವ್ಯಕ್ಕೆ ಅಂಥ ಬರ ಬಂದಿತ್ತು. ಹಳೆಯ ಛಂದಸ್ಸು, ಹಳೆಯ ವರ್ಣನೆಗಳು, ದ್ವಿತೀಯಾಕ್ಷರ ಪ್ರಾಸದ ಕಟ್ಟು ಎಲ್ಲವೂ ಇದ್ದುವು; ಉಸಿರು ಮಾತ್ರ ತೆಳುವಾಗಿತ್ತು. ೧೯೧೧ರಲ್ಲಿ ಗೋವಿಂದ ಪೈಗಳು ಆ ಪ್ರಾಸವನ್ನು ಬಿಟ್ಟು ಬರೆದರು. ಅದೇ ವರ್ಷ ಬಿ.ಎಂ. ಶ್ರೀಕಂಠಯ್ಯನವರು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರು ಮುಂದೆ ಮಾಡಿದ್ದೇನು? ಸ್ವಂತ ಮಹಾಕಾವ್ಯವನ್ನು ಕಟ್ಟಲು ಹೊರಡಲಿಲ್ಲ. ತಾವು ತರಗತಿಯಲ್ಲಿ ಪಾಠ ಹೇಳುತ್ತಿದ್ದ, ಪಾಲ್‌ಗ್ರೇವ್‌ನ ಸಂಗ್ರಹದಲ್ಲಿದ್ದಂಥ ಇಂಗ್ಲಿಷ್ ಭಾವಗೀತೆಗಳನ್ನು ಕನ್ನಡಕ್ಕೆ ತಿರುಗಿಸಿದರು. ೧೯೨೬ರ ‘ಇಂಗ್ಲಿಷ್ ಗೀತಗಳು’ ಹುಟ್ಟಿದ್ದು ಹೀಗೆ. ಅದೇ ಕಾಲದಲ್ಲಿ ರನ್ನನ ಗದಾಯುದ್ಧವನ್ನು ನಾಟಕವಾಗಿಸಿದರು. ಅನಂತರ ಗ್ರೀಕ್ ದುರಂತ ನಾಟಕಗಳ ಕಡೆಗೆ ಹೊರಳಿ ‘ಅಶ್ವತ್ಥಾಮನ್’, ‘ಪಾರಸಿಕರು’ ಬರೆದರು. ಅವರ ಸ್ವತಂತ್ರ ಕವನಗಳ ಸಂಗ್ರಹ ‘ಹೊಂಗನಸುಗಳು’ ಬಂದದ್ದು ೧೯೪೩ರಷ್ಟು ತಡವಾಗಿ.

ಅನುವಾದವೆಂದರೆ ಎರಡನೆಯ ದರ್ಜೆಯ ಕೆಲಸವೆಂಬ ಭಾವನೆ ನಮ್ಮಲ್ಲಿ ಇಂದಿಗೂ ಪೂರ್ತಿ ಹೋಗಿಲ್ಲ. ಶ್ರೀಯವರ ಉದಾಹರಣೆಯನ್ನು ನೋಡಿ. ಅನುವಾದ ಮಾಡುವವನಿಗೆ ಏನು ಹೇಳಬೇಕೆಂಬ ಚಿಂತೆಯಿಲ್ಲ. ಹೇಗೆ ಹೇಳಬೇಕೆಂಬ ಒಂದೇ ಚಿಂತೆ. ಮೂಲದ ಲಯವನ್ನು ಹಿಡಿಯಲು ಹೋಗಿ ಅವರು ಕನ್ನಡದ ಮಾತ್ರಾಗಣಗಳನ್ನು ಹೊಸ ರೀತಿಯಲ್ಲಿ ಜೋಡಿಸಿದರು. ಆ ಜೋಡಣೆಗಳೇ ಮುಂದಿನ ಪೀಳಿಗೆಯ ಭಾವಗೀತೆಗೆ ದಾರಿಯಾದುವು. ಹೇಳುವುದು ತೋಚದಿದ್ದ ಹೊತ್ತಿನಲ್ಲಿ ಹೇಳುವ ಬಗೆಯನ್ನು ಹದಗೊಳಿಸಿಕೊಳ್ಳುವುದು ವ್ಯರ್ಥವಾದ ಕಾಲವಲ್ಲ.

ಉತ್ತರದಲ್ಲಿ ಬೇರೊಂದು ಮಾರ್ಗ ತೆರೆಯಿತು. ೧೯೨೦ರ ದಶಕದಲ್ಲಿ ಧಾರವಾಡದಲ್ಲಿ ದ.ರಾ. ಬೇಂದ್ರೆಯವರ ಸುತ್ತ ಕಟ್ಟಿಕೊಂಡ ಗೆಳೆಯರ ಗುಂಪು, ರಾಜಶೇಖರ ಹೇಳಿದ ಮೂರನೆಯ ಪ್ರಹರದ ಗೋಷ್ಠಿಯೇ ಸರಿ. ವಿ.ಕೃ. ಗೋಕಾಕ, ಶಂಬಾ ಜೋಶಿ, ಬೆಟಗೇರಿ ಕೃಷ್ಣಶರ್ಮ, ರಂ.ಶ್ರೀ. ಮುಗಳಿ ಮೊದಲಾದವರು ಅಲ್ಲಿ ಕೂಡುತ್ತಿದ್ದರು. ಒಬ್ಬರು ಓದುವುದು, ಉಳಿದವರು ಕೇಳುವುದು, ವಾದಿಸುವುದು ನಡೆಯುತ್ತಿತ್ತು. ವಿಜಾಪುರದ ಕಡೆಯ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಹಳ್ಳಿಯ ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡರು. ೧೯೩೧ರಲ್ಲಿ ‘ಗರತಿಯ ಹಾಡು’ ಪ್ರಕಟವಾಯಿತು. ಮೈಸೂರಿನ ಕವಿಗಳು ಇಂಗ್ಲಿಷಿನ ಕಡೆಗೆ ಕೈಚಾಚಿದರೆ ಧಾರವಾಡದ ಕವಿಗಳು ಸ್ವಂತ ಅಂಗಳದ ಹಾಡಿಗೆ ಕಿವಿಗೊಟ್ಟರು. ಓದುಬರಹ ಬಾರದ ಆ ತಾಯಂದಿರ ಲಯ ಬೇಂದ್ರೆಯವರ ಪದ್ಯಗಳಲ್ಲಿ ಹೇಗೆ ಹರಿಯಿತೆಂಬುದನ್ನು ಕನ್ನಡ ಬಲ್ಲವರಿಗೆ ಹೇಳಬೇಕಾಗಿಲ್ಲ.

ಬೇಂದ್ರೆಯವರ ಬಾಳು ಸುಗಮವಾಗಿರಲಿಲ್ಲ. ‘ನರಬಲಿ’ ಎಂಬ ಕವನದ ಕಾರಣ ಸೆರೆವಾಸ, ಕೆಲಸದ ನಷ್ಟ, ಮಕ್ಕಳ ಸಾವು ಎಲ್ಲವನ್ನೂ ಅವರು ಕಂಡರು. ೧೯೪೪ರಿಂದ ೧೯೫೬ರ ವರೆಗೆ, ಹನ್ನೆರಡು ವರ್ಷ, ಮರಾಠಿ ಸೀಮೆಯ ಸೊಲ್ಲಾಪುರದಲ್ಲಿ ಅಧ್ಯಾಪಕರಾಗಿದ್ದರು. ಕನ್ನಡ ನಾಡಿನ ನಡುವಿನಿಂದ ದೂರವಿದ್ದ ಅವಧಿಯೆಂದು ಅದನ್ನು ಬರಗಾಲವೆನ್ನಬಹುದಿತ್ತು. ಆದರೆ ೧೯೫೭ರಲ್ಲಿ ಐದು ಸಂಕಲನಗಳನ್ನು ಒಳಗೊಂಡ ‘ಅರಳು ಮರಳು’ ಬಂತು. ಮರುವರ್ಷ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂತು. ೧೯೬೪ರಲ್ಲಿ, ಅರವತ್ತೆಂಟರ ವಯಸ್ಸಿನಲ್ಲಿ ‘ನಾಕುತಂತಿ’. ಕೊನೆಗಾಲದಲ್ಲಿ ಸಂಖ್ಯೆಗಳ ಲೋಕದಲ್ಲಿ ಮುಳುಗಿದ್ದ ಅವರನ್ನು ಕಂಡು ಕೆಲವರು ಮರುಗಿದ್ದುಂಟು. ಕವಿಗೆ ಗಣಿತವೇಕೆ ಎಂದು ಕೇಳುವವರು ಪಂಪನಿಗೆ ಯುದ್ಧವೇಕೆ ಎಂದೂ ಕೇಳಬೇಕಾದೀತು.

ಕೆಲಸವನ್ನು ಬದಲಿಸುವುದೇ ವಿಶ್ರಾಂತಿ ಎಂಬುದಕ್ಕೆ ಶಿವರಾಮ ಕಾರಂತರಿಗಿಂತ ದೊಡ್ಡ ನಿದರ್ಶನ ನಮ್ಮಲ್ಲಿಲ್ಲ. ೧೯೩೩ರಲ್ಲಿ ‘ಚೋಮನ ದುಡಿ’ ಪ್ರಕಟಿಸಿದವರು ಅದೇ ದಶಕದಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ ಸಿದ್ಧಪಡಿಸಿದರು. ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’ ಬರೆದ ಕೈಯೇ ಯಕ್ಷಗಾನದ ತಾಳೆಗರಿಗಳನ್ನು ಹುಡುಕಿತು, ವೇಷಭೂಷಣಗಳನ್ನು ತಿದ್ದಿತು, ಚಿತ್ರ ಬರೆಯಿತು. ಅವರಿಗೆ ೧೯೫೯ರಲ್ಲಿ ಸಾಹಿತ್ಯ ಅಕಾಡೆಮಿ ಬಹುಮಾನ ಬಂದದ್ದು ಕಾದಂಬರಿಗಲ್ಲ, ‘ಯಕ್ಷಗಾನ ಬಯಲಾಟ’ವೆಂಬ ಸಂಶೋಧನ ಗ್ರಂಥಕ್ಕೆ. ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ದ ದುಡಿಮೆಯಾದ ಮೇಲೆ ೧೯೬೮ರಲ್ಲಿ ‘ಮೂಕಜ್ಜಿಯ ಕನಸುಗಳು’ ಬಂತು. ಸೃಷ್ಟಿಯ ಆದಿಯಿಂದ ಮನುಷ್ಯನ ನಂಬಿಕೆಗಳನ್ನು ಒಬ್ಬ ಹಳ್ಳಿಯ ಮುದುಕಿಯ ಕಣ್ಣಿನಿಂದ ನೋಡುವ ಆ ಕಾದಂಬರಿಯನ್ನು, ಹಿಂದಿನ ವರ್ಷಗಳ ವಿಜ್ಞಾನ ವ್ಯಾಸಂಗದಿಂದ ಬೇರ್ಪಡಿಸಿ ನೋಡಲು ನನಗಂತೂ ಸಾಧ್ಯವಾಗುವುದಿಲ್ಲ.

ಕುವೆಂಪು ಅವರದು ಇನ್ನೊಂದು ಕ್ರಮ. ಒಂದೇ ಕೆಲಸವನ್ನು ಬಿಡದೆ ಹಿಡಿದಿರುವುದು ಅವರಿಗೆ ಸಾಧ್ಯವಿತ್ತು. ೧೯೩೬ರಲ್ಲಿ ತೊಡಗಿದ ‘ಶ್ರೀ ರಾಮಾಯಣ ದರ್ಶನಂ’ ೧೯೪೬ರಲ್ಲಿ ಮುಗಿಯಿತು; ಸಾಲುಗಳು ೨೨,೦೦೦ಕ್ಕೂ ಮೇಲು. ಹಾಗೆಯೇ ಒಂದು ವಸ್ತುವನ್ನು ದಶಕಗಳ ಕಾಲ ಒಳಗೇ ಇಟ್ಟುಕೊಂಡಿರುವುದೂ ಅವರಿಗೆ ಸಾಧ್ಯವಿತ್ತು. ‘ಕಾನೂರು ಹೆಗ್ಗಡಿತಿ’ ಬಂದದ್ದು ೧೯೩೬ರಲ್ಲಿ. ಎರಡನೆಯ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ೧೯೬೭ರಲ್ಲಿ. ನಡುವೆ ಮೂವತ್ತೊಂದು ವರ್ಷ. ಅದರಲ್ಲಿ ೧೯೫೬ರಿಂದ ೧೯೬೦ರ ವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿತ್ವದ ಹೊಣೆಯೂ ಸೇರಿದೆ. ಮೈಸೂರಿನಲ್ಲಿ ಕುಳಿತ ಕವಿಯ ಒಳಗೆ ಮಲೆನಾಡಿನ ಕಾಡು ಮೂರು ದಶಕ ಬೆಳೆಯುತ್ತಲೇ ಇತ್ತು.

ಈಗ ನನ್ನ ವಾದಕ್ಕೆ ಅತ್ಯಂತ ಹತ್ತಿರದ ಪ್ರಕರಣಕ್ಕೆ ಬರುತ್ತೇನೆ. ೧೯೪೨ರಲ್ಲಿ ‘ಮೈಸೂರು ಮಲ್ಲಿಗೆ’ ಪ್ರಕಟವಾದಾಗ ಕೆ.ಎಸ್. ನರಸಿಂಹಸ್ವಾಮಿಯವರಿಗೆ ಇಪ್ಪತ್ತೇಳು ವರ್ಷ. ಮೊದಲ ಪುಸ್ತಕವೇ ಮನೆಮನೆಯ ಹಾಡಾಗುವುದು ಕವಿಗೆ ವರವೂ ಹೌದು, ಭಾರವೂ ಹೌದು. ಓದುಗರು ಮತ್ತೆ ಮತ್ತೆ ಅದೇ ಮಲ್ಲಿಗೆಯನ್ನು ಕೇಳುತ್ತಾರೆ. ಅಷ್ಟರಲ್ಲಿ ಕಾವ್ಯದ ಹವೆಯೂ ಬದಲಾಯಿತು. ೧೯೪೬ರಲ್ಲಿ ‘ಭಾವತರಂಗ’ದ ಇಂಪಾದ ಗೀತಗಳಿಂದ ಆರಂಭಿಸಿದ ಗೋಪಾಲಕೃಷ್ಣ ಅಡಿಗರು ತಮ್ಮ ಆ ಇಂಪನ್ನು ತಾವೇ ಮುರಿದು ೧೯೫೪ರಲ್ಲಿ ‘ಚಂಡೆಮದ್ದಳೆ’ ತಂದರು. ಕೈಗೆ ಹತ್ತಿದ ಧಾಟಿಯನ್ನು ಅದು ಸುಲಭವಾಯಿತೆಂಬ ಕಾರಣಕ್ಕೇ ಬಿಡುವುದು, ಒಣಗದಿರಲು ಅಡಿಗರು ಕಂಡುಕೊಂಡ ಉಪಾಯ. ನರಸಿಂಹಸ್ವಾಮಿಯವರೂ ೧೯೫೮ರ ‘ಶಿಲಾಲತೆ’ಯಲ್ಲಿ ದನಿ ಬದಲಿಸಿದರು, ೧೯೬೦ರಲ್ಲಿ ‘ಮನೆಯಿಂದ ಮನೆಗೆ’ ಬಂತು. ಅನಂತರದ ಸಂಕಲನ ‘ತೆರೆದ ಬಾಗಿಲು’ ಬಂದದ್ದು ೧೯೭೬ರಲ್ಲಿ. ಹದಿನಾರು ವರ್ಷಗಳ ತೆರಪು!

ಅಷ್ಟು ಹೊತ್ತಿಗೆ ನವೋದಯದ ಕವಿಯ ಕಾಲ ಮುಗಿಯಿತೆಂದು ತಿಳಿದವರೇ ಹೆಚ್ಚು. ಆದರೆ ‘ತೆರೆದ ಬಾಗಿಲು’ ಸಂಕಲನದಲ್ಲಿ ಪ್ರಾಯದ ಪ್ರೇಮದ ಕವಿ, ವಯಸ್ಸಾದ ಮನುಷ್ಯನಾಗಿ ಸುತ್ತಲಿನ ಬಾಳನ್ನು ನೋಡುತ್ತಿದ್ದರು. ಹಳೆಯ ಮಾರ್ದವ ಹೋಗಿರಲಿಲ್ಲ, ಹೊಸ ತಿಳಿವು ಸೇರಿತ್ತು. ೧೯೭೭ರಲ್ಲಿ ಆ ಕೃತಿಗೆ ಸಾಹಿತ್ಯ ಅಕಾಡೆಮಿಯ ಬಹುಮಾನ ದೊರೆಯಿತು. ಮುಂದೆ ‘ನವಪಲ್ಲವ’, ‘ದುಂಡುಮಲ್ಲಿಗೆ’. ಎಂಬತ್ತು ದಾಟಿದ ಮೇಲೆ ‘ನವಿಲದನಿ’, ‘ಸಂಜೆ ಹಾಡು’, ‘ಎದೆ ತುಂಬ ನಕ್ಷತ್ರ’. ೨೦೦೩ರಲ್ಲಿ ತೀರಿಕೊಳ್ಳುವ ವರೆಗೂ ಅವರ ಕಾವ್ಯ ನಿಲ್ಲಲಿಲ್ಲ. ನಲವತ್ತೈದರಿಂದ ಅರವತ್ತೊಂದರ ವರೆಗೆ ಒಂದು ಸಂಕಲನವನ್ನೂ ತರದ ಕವಿ ಎಂಬತ್ತರ ಮೇಲೆ ಹಲವನ್ನು ತಂದರು. ಹದಿನಾರು ವರ್ಷಗಳ ಮಧ್ಯೆ ನಿಂತು ನೋಡಿದವನಿಗೆ ಅದು ಬತ್ತಿದ ಬಾವಿ. ೨೦೦೩ರಲ್ಲಿ ನಿಂತು ನೋಡಿದವನಿಗೆ ಬೇಸಿಗೆಯ ಒಂದು ತಿಂಗಳು. ಬರೆಯುವವನ ದುರದೃಷ್ಟವೆಂದರೆ, ಆತ ಯಾವಾಗಲೂ ಮಧ್ಯೆಯೇ ನಿಂತಿರುತ್ತಾನೆ.

ಹಾಗಾದರೆ ತಾಳ್ಮೆಯಿದ್ದರೆ ಎಲ್ಲ ಒರತೆಯೂ ಮತ್ತೆ ಉಕ್ಕುವುದೇ? ಹಾಗೆಂದರೆ ಚರಿತ್ರೆಗೆ ಅಪಚಾರವಾದೀತು. ನಾನು ಇಲ್ಲಿಯ ವರೆಗೆ ಹೆಸರಿಸಿದ ಲೇಖಕರೆಲ್ಲರೂ ಗಂಡಸರೆಂಬುದನ್ನು ಕೇಳುಗರು ಗಮನಿಸಿರಬಹುದು. ರಾಜಶೇಖರನ ದಿನಚರಿಯಲ್ಲಿ ಊಟ ಮಾಡಿ ಗೋಷ್ಠಿಗೆ ಕೂರುವ ಕವಿ ಇದ್ದಾನೆ. ಆ ಊಟವನ್ನು ಮಾಡಿ ಬಡಿಸಿದವರ ಪ್ರಹರಗಳ ಲೆಕ್ಕ ಅಲ್ಲಿಲ್ಲ. ಕೊಡಗಿನ ಗೌರಮ್ಮನವರು ೧೯೩೯ರಲ್ಲಿ ತೀರಿಕೊಂಡಾಗ ಅವರಿಗೆ ಇಪ್ಪತ್ತೇಳು ವರ್ಷ, ‘ಮೈಸೂರು ಮಲ್ಲಿಗೆ’ಯ ಕವಿ ತಮ್ಮ ಮೊದಲ ಸಂಕಲನ ತಂದ ವಯಸ್ಸು. ೧೯೫೩ರಲ್ಲಿ ‘ಅಪಸ್ವರ’ದಿಂದ ಆರಂಭಿಸಿದ ತ್ರಿವೇಣಿಯವರು ಹತ್ತು ವರ್ಷಗಳಲ್ಲಿ ಸುಮಾರು ೨೦ ಕಾದಂಬರಿ ಬರೆದು ೧೯೬೩ರಲ್ಲಿ ಮೂವತ್ತೈದು ತುಂಬುವ ಮೊದಲೇ ಹೊರಟುಹೋದರು. ಅದೇ ೧೯೬೩ರಲ್ಲಿ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಹೊರಬಂತು; ಆಗ ಅವರಿಗೆ ನಲವತ್ತಾರು. ಸಂಸಾರದ ಹೊರೆಯ ನಡುವೆ ಅಷ್ಟು ವರ್ಷ ಅವರೊಳಗೆ ಮಲೆನಾಡಿನ ಮನೆಗಳು, ಅಲ್ಲಿಯ ಹೆಂಗಸರ ಮಾತುಗಳು ಕೂಡುತ್ತಲೇ ಇದ್ದುವು. ೧೯೭೬ರಲ್ಲಿ ಬಂದ ‘ಫಣಿಯಮ್ಮ’ ಆ ಕೂಡಿಕೆಯ ಫಲ. ಇಂದಿರಾ ಅವರಿಗೆ ಬಾಗಿಲು ತೆರೆಯಿತು. ತೆರೆಯದೆ ಹೋದ ಬಾಗಿಲುಗಳ ಹಿಂದೆ ಎಷ್ಟು ಮಂದಿ ಇದ್ದರೆಂಬುದನ್ನು ಯಾವ ಸಾಹಿತ್ಯ ಚರಿತ್ರೆಯೂ ಹೇಳಲಾರದು.

ಇಲ್ಲಿ ನನಗೆ ನೆನಪಾಗುವುದು ನಮ್ಮ ನಾಡಿನ ಕೆರೆಗಳು. ಕೆರೆ ಬತ್ತುವುದು ಮಳೆಯಿಲ್ಲದೆ ಮಾತ್ರವಲ್ಲ. ಮಳೆ ಬಂದರೂ ಹೂಳು ತುಂಬಿದ ಕೆರೆಯಲ್ಲಿ ನೀರು ನಿಲ್ಲುವುದಿಲ್ಲ. ಹಿಂದಿನವರು ಇದನ್ನು ಬಲ್ಲವರಾಗಿದ್ದರು. ಕೆರೆಯ ಏರಿಯನ್ನು ಕಾಪಾಡುವುದಕ್ಕೆ, ಬಂಡಿ ಕಟ್ಟಿ ಹೂಳೆತ್ತುವುದಕ್ಕೆ ಭೂಮಿಯನ್ನು ದತ್ತಿ ಬಿಟ್ಟ ಸಂಗತಿ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಂಥ ಭೂಮಿಗೆ ಕಟ್ಟುಕೊಡಿಗೆಯೆಂದು ಹೆಸರು. ಕೆರೆ ತನ್ನ ಹೂಳನ್ನು ತಾನೇ ತೆಗೆದುಕೊಳ್ಳಲಿ ಎಂದು ಯಾವ ಊರೂ ಕೈಕಟ್ಟಿ ಕೂರಲಿಲ್ಲ.

ಓದು, ಅನುವಾದ, ಸ್ನೇಹಿತರ ಗೋಷ್ಠಿ, ಬೇರೊಂದು ವಿದ್ಯೆಯಲ್ಲಿ ದುಡಿಮೆ, ಹಳೆಯ ಧಾಟಿಯನ್ನು ಬಿಡುವ ಧೈರ್ಯ, ಕಾಯುವ ತಾಳ್ಮೆ ಇವು ಬರೆಯುವವನ ಕೈಯಲ್ಲಿರುವ ಸನಿಕೆ, ಬುಟ್ಟಿಗಳು. ಇಷ್ಟನ್ನು ನಮ್ಮ ಹಿರಿಯರ ಬಾಳಿನಿಂದ ತೆಗೆದು ನನ್ನ ವಿದ್ಯಾರ್ಥಿಗೆ ಕೊಡಬಲ್ಲೆ. ಆದರೆ ಕಟ್ಟುಕೊಡಿಗೆ ಊರಿನ ಹೊಣೆ. ಊರಿನ ಗ್ರಂಥಾಲಯ ಸಂಜೆ ತೆರೆದಿದೆಯೇ, ಕಾವ್ಯ ಓದಿದರೆ ಕೇಳಲು ಹತ್ತು ಮಂದಿ ಬರುತ್ತಾರೆಯೇ, ಮನೆಯಲ್ಲಿ ಬರೆಯಬಲ್ಲ ಮಗಳಿಗೋ ಸೊಸೆಗೋ ದಿನದಲ್ಲಿ ಒಂದು ಪ್ರಹರ ಅವಳದೇ ಆಗಿ ಉಳಿದಿದೆಯೇ ಎಂಬ ಪ್ರಶ್ನೆಗಳು ಕವಿಗೆ ಕೇಳಬೇಕಾದವಲ್ಲ. ನಮ್ಮನ್ನು ನಾವು ಕೇಳಿಕೊಳ್ಳಬೇಕಾದವು. ನಮ್ಮ ನೆರೆಯಲ್ಲಿ ಬರೆಯುತ್ತಿದ್ದವರೊಬ್ಬರು ಕೆಲವು ಕಾಲದಿಂದ ಮೌನವಾಗಿದ್ದರೆ, ಹೊಸದೇನು ಬರೆದಿರಿ ಎಂದು ವಿಚಾರಿಸುವುದನ್ನು ಬಿಟ್ಟು ಈಚೆಗೆ ಏನು ಓದುತ್ತಿದ್ದೀರಿ ಎಂದು ಕೇಳಿ, ಒಂದು ಪುಸ್ತಕವನ್ನು ಅವರ ಮನೆಗೆ ಮುಟ್ಟಿಸಿ ಬರಬಹುದು. ಅಷ್ಟು ಮಾಡಿದರೆ ಒಂದು ಬುಟ್ಟಿ ಹೂಳನ್ನು ನಾವೂ ಹೊತ್ತಂತಾಗುತ್ತದೆ.